ಗಿಡ ಬೆಳೆಸುವ ಗೆಳೆಯರ ಜತೆ ಊರಿನ ತೋಟಗಳನ್ನು ಸುತ್ತುವುದು ಹೇಗೆ

ಮೊದಲು ಗುಂಪು ಚಿಕ್ಕದಿರಲಿ. ಮನೆಯ ಕೈದೋಟ ನೋಡಲು ಎಂಟು, ಹತ್ತು ಜನ ಸಾಕು. ಅದಕ್ಕಿಂತ ಜಾಸ್ತಿ ಆದರೆ ಹಿಂದಿರುವವರಿಗೆ ಮಾತು ಕೇಳಿಸುವುದಿಲ್ಲ, ನಿಲ್ಲಲು ಜಾಗ ಸಾಲದೆ ಯಾರಾದರೂ ಪಾತಿಯೊಳಗೆ ಕಾಲಿಡುತ್ತಾರೆ. ದಿನಕ್ಕೆ ಮೂರು ತೋಟ ನೋಡಿದರೆ ಹೆಚ್ಚು. ಐದಾರು ಇಟ್ಟುಕೊಂಡರೆ ಸಂಜೆ ಹೊತ್ತಿಗೆ ಯಾವ ಗಿಡ ಯಾರ ಮನೆಯಲ್ಲಿ ನೋಡಿದ್ದು ಅನ್ನೋದೇ ಮರೆತುಹೋಗಿರುತ್ತದೆ.

ಆ ಮೂರರಲ್ಲಿ ಎರಡು ಮನೆತೋಟ, ಒಂದು ಸಾರ್ವಜನಿಕ ಉದ್ಯಾನ ಇರಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕಂದರೆ ಒಂದೇ ಗಿಡವನ್ನು ಎರಡೂ ಕಡೆ ನೋಡಿದಾಗಲೇ ಅದು ನಿಜವಾಗಿ ಅರ್ಥವಾಗುವುದು. ಮನೆಯೊಳಗೆ ಕುಂಡದಲ್ಲಿಡುವ ದಪ್ಪ ಎಲೆಯ ರಬ್ಬರ್ ಗಿಡವನ್ನೇ ತಗೊಳ್ಳಿ. ಅದು ಆಲದ ಕುಲದ್ದು, ನೆಲದಲ್ಲಿ ಬಿಟ್ಟರೆ ಬಿಳಲು ಇಳಿಸಿಕೊಂಡು 30 ಮೀಟರ್‌ವರೆಗೂ ಹೋಗುತ್ತದೆ. ಹಳೆಯ ಉದ್ಯಾನದಲ್ಲಿ ಅದರ ಬೇರು ನೆಲದ ಮೇಲೆ ಹಬ್ಬಿರುವುದನ್ನು ನೋಡಿದವರು ಅದನ್ನು ಗೋಡೆ ಪಕ್ಕ ನೆಡುವುದಿಲ್ಲ. ಅಗಲ ಎಲೆಯ ಬಳ್ಳಿ ಮಾನ್‌ಸ್ಟೆರಾದ ಎಲೆಯಲ್ಲಿ ತೂತು ಬರುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರೂ ಅಷ್ಟೆ, ಅದು ಮರ ಹತ್ತಿ ಬೆಳೆದಿರುವುದನ್ನು ಒಮ್ಮೆ ನೋಡಬೇಕು. ಎಳೆ ಗಿಡದ ಎಲೆಯಲ್ಲಿ ತೂತು ಇರುವುದೇ ಇಲ್ಲ. ಹತ್ತಲು ಆಸರೆ, ಸಾಕಷ್ಟು ಬೆಳಕು ಸಿಕ್ಕಿ ಬಲಿತ ಮೇಲೆ ಎಲೆ ದೊಡ್ಡದಾಗಿ ತೂತು, ಸೀಳು ಬರುತ್ತವೆ.

ಉದ್ಯಾನದಲ್ಲಿ ಫೋಟೊ ತೆಗೆಯುವಾಗ ಮೊದಲು ಹೆಸರಿನ ಫಲಕ, ಆಮೇಲೆ ಗಿಡ. ಈ ಒಂದು ಅಭ್ಯಾಸ ಇದ್ದರೆ ಮನೆಗೆ ಬಂದ ಮೇಲೆ ಹುಡುಕಾಟ ಇಲ್ಲ. ಮನಿ ಪ್ಲಾಂಟ್ ಅಂದರೆ ಒಬ್ಬರಿಗೆ ಬಳ್ಳಿ, ಇನ್ನೊಬ್ಬರಿಗೆ ದಪ್ಪ ಎಲೆಯ ಕ್ರಾಸುಲಾ. ಹಾಗಾಗಿ ವೈಜ್ಞಾನಿಕ ಹೆಸರೇ ಬೇಕು. ಆ ಹೆಸರಿನ ಮುಂದೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಇನ್ನೊಂದು ಹೆಸರಿದ್ದರೆ ಅದು ತಳಿಯ ಹೆಸರು, ಅದನ್ನೂ ಬರೆದುಕೊಳ್ಳಿ.

ಮನೆತೋಟಕ್ಕೆ ಹೋಗುವುದು ಹೇಗೆ? ಕೆಲವು ಕಡೆ ಎಲ್ಲರಿಗೂ ತೋಟ ತೆರೆದಿಡುವ ದಿನಗಳೇ ಇರುತ್ತವೆ. ಇಂಗ್ಲೆಂಡಿನಲ್ಲಿ 1927ರಲ್ಲಿ, ಮನೆಮನೆಗೆ ಹೋಗಿ ಆರೈಕೆ ಮಾಡುವ ನರ್ಸ್‌ಗಳಿಗಾಗಿ ಹಣ ಸೇರಿಸಲು ನೂರಾರು ಖಾಸಗಿ ತೋಟಗಳು ಹೀಗೆ ಬಾಗಿಲು ತೆರೆದವು, ಆ ಏರ್ಪಾಡು ಇವತ್ತಿಗೂ ನಡೆದಿದೆ. ಅಂಥ ದಿನ ಇಲ್ಲದ ಕಡೆ ನೀವೇ ಕೇಳಬೇಕು. ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತೀರಿ, ಎಷ್ಟು ಹೊತ್ತು ಇರುತ್ತೀರಿ ಅಂತ ಮೊದಲೇ ಹೇಳಿ. ಫೋಟೊ ತೆಗೆಯಬಹುದೇ ಅಂತ ಕೇಳಿ. ಮನೆ ನಂಬರು, ಗೇಟು ಕಾಣುವ ಫೋಟೊ ಯಾರಿಗೂ ಕಳಿಸಬೇಡಿ.

ಅಲ್ಲಿ ಹೋದ ಮೇಲೆ ಹೂವನ್ನು ಹೊಗಳಿ, ಖಂಡಿತ ಹೊಗಳಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಇಲ್ಲಿ ಯಾವ ಗಿಡ ಸತ್ತಿತು, ಯಾಕೆ ಸತ್ತಿರಬಹುದು ಅಂತ ಕೇಳಿ. ನಾನು ಕಲಿತ ಒಳ್ಳೆಯ ಪಾಠಗಳೆಲ್ಲ ಈ ಪ್ರಶ್ನೆಗೆ ಸಿಕ್ಕ ಉತ್ತರಗಳಿಂದ ಬಂದವು. ಗೊಬ್ಬರದ ಗುಂಡಿ, ನೀರಿನ ಪೈಪು, ಸಸಿ ಬೆಳೆಸುವ ಮೂಲೆ, ಉಪಕರಣ ಇಡುವ ಜಾಗ ತೋರಿಸಿ ಅಂತ ಕೇಳಿದರೆ ತೋಟದವರಿಗೂ ಖುಷಿಯಾಗುತ್ತದೆ. ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುತ್ತದೆ ಅಂತಲೂ ಕೇಳಿಕೊಳ್ಳಿ, ಬೆಳಗ್ಗೆ ಹೋದವರಿಗೆ ಅದು ಕಾಣುವುದಿಲ್ಲ ಅಲ್ವಾ.

ಇನ್ನು ಸ್ವಚ್ಛತೆ. ಒಂದು ತೋಟದಿಂದ ಇನ್ನೊಂದಕ್ಕೆ ನಾವೇ ರೋಗ ಹೊತ್ತುಕೊಂಡು ಹೋಗಬಾರದು. ಬೇರುಗಂಟು ಹುಳು, ಬೇರು ಕೊಳೆಸುವ ರೋಗ ಎರಡೂ ಚಪ್ಪಲಿಗೆ ಮೆತ್ತಿದ ಮಣ್ಣಿನಲ್ಲಿ ಬರುತ್ತವೆ. ಹಾಗಾಗಿ ಒಂದು ಬ್ರಷ್ ಇಟ್ಟುಕೊಂಡು ಹೊರಡುವ ಮುಂಚೆ ಅಡಿ ಉಜ್ಜಿಕೊಳ್ಳಿ. ಕತ್ತರಿಯನ್ನು ಪ್ರತಿ ಗಿಡಕ್ಕೂ 70% ಆಲ್ಕೋಹಾಲ್‌ನಿಂದ ಒರೆಸಿ. ತಂಬಾಕು ಮುಟ್ಟಿದ ಕೈಯಿಂದ ಟೊಮೆಟೊ, ಮೆಣಸಿನಕಾಯಿ ಗಿಡಗಳಿಗೆ ಎಲೆಯಲ್ಲಿ ಮಚ್ಚೆ ಮೂಡಿಸುವ ಮೊಸಾಯಿಕ್ ವೈರಸ್ ಹರಡಬಹುದು. ಸೇದುವ ಅಭ್ಯಾಸ ಇರುವವರು ಸೋಪಿನಲ್ಲಿ ಕೈ ತೊಳೆದೇ ಒಳಗೆ ಹೋಗಲಿ.

ಕಟಿಂಗ್, ಅಂದರೆ ನೆಟ್ಟು ಹೊಸ ಗಿಡ ಮಾಡಿಕೊಳ್ಳುವ ಕೊಂಬೆಯ ತುಂಡನ್ನು ಅಂತೂ ಕೇಳದೆ ಮುರಿಯಬೇಡಿ. ಸಾರ್ವಜನಿಕ ಉದ್ಯಾನದಲ್ಲಿ ಉದುರಿದ ಬೀಜವನ್ನೂ ಕೇಳಿಯೇ ಎತ್ತಿಕೊಳ್ಳಿ. ತೋಟದವರೇ ಕೊಟ್ಟರೆ ಒದ್ದೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮೇಲೆ ಹೆಸರು, ತಾರೀಕು, ಕೊಟ್ಟವರು ಯಾರು ಅಂತ ಬರೆಯಿರಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಮನೆಗೆ ತಂದ ಮೇಲೆ ಎರಡು, ಮೂರು ವಾರ ಬೇರೆ ಗಿಡಗಳಿಂದ ದೂರ ಇಡಿ, ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಬಿಳಿ ಹತ್ತಿಯ ಹಾಗೆ ಅಂಟಿಕೊಂಡು ರಸ ಹೀರುವ ಹಿಟ್ಟು ತಿಗಣೆ ಇದೆಯಾ ಅಂತ ನೋಡುತ್ತಿರಿ. ಬೇರು ಬಿಟ್ಟು ಹೊಸ ಚಿಗುರು ಬಂದ ದಿನ ಒಂದು ಫೋಟೊ ತೆಗೆದು ಕೊಟ್ಟವರಿಗೆ ಕಳಿಸಿ. ಅದೇ ತೋಟಕ್ಕೆ ಬೇರೆ ಕಾಲದಲ್ಲಿ ಮತ್ತೊಮ್ಮೆ ಬರಬಹುದೇ ಅಂತ ಆಗಲೇ ಕೇಳಿಬಿಡಿ.