ಬಯೋಡಾಟಾ ಫೋಟೊ, ಎರಡನೇ ಸಲ

ಕೊಪ್ಪಳದ ಒಂದು ಸ್ಟುಡಿಯೋದಲ್ಲಿ ನನ್ನ ಮದುವೆ ಬಯೋಡಾಟಾ ಫೋಟೊ ತೆಗೆಸಿದಾಗ ನನಗೆ 22. ಹಿಂದೆ ಜಲಪಾತದ ಪರದೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ, ಮೈಮೇಲೆ ಅವ್ವನ ಇಳಕಲ್ ಸೀರೆ. ‘ಗದ್ದ ಇಳಸ್ರಿ. ನಗಬ್ಯಾಡ್ರಿ, ಬರೇ ನಕ್ಕಂಗ ಮಾಡ್ರಿ’ ಅಂದರು ಸ್ಟುಡಿಯೋದವರು. ಪ್ರಿಂಟು ಬಂದಾಗ ಮುಖ ಬೆಳ್ಳಗಾಗಿತ್ತು, ಕೈ ಮಾತ್ರ ನನ್ನವೇ ಇದ್ದವು. ಕಂಪ್ಯೂಟರಿನಲ್ಲಿ ಕೈ ತಿದ್ದುವುದನ್ನು ಮರೆತಿದ್ದರು.

ಆ ಫೋಟೊ ಏಳೆಂಟು ಮನೆ ತಿರುಗಿತು. ಕೆಲವು ಪ್ರತಿ ವಾಪಸ್ ಬರಲೇ ಇಲ್ಲ, ಇನ್ನೂ ಯಾರ ಕಪಾಟಿನಲ್ಲಿದ್ದೇನೋ.

ಹೋದ ವರ್ಷ ಅದನ್ನೇ ಮತ್ತೆ ತೆಗೆಯೋಣ ಅನಿಸಿತು, ಈ ಸಲ ಕ್ಯಾಮೆರಾದ ಎರಡೂ ಕಡೆ ನಾನೇ. ದಾರಿ ತೋರಿಸಿದ್ದು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಶಿಲ್ಪಕಲೆ ಓದಿದ ಅವರು 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿ, ಬಿಜಾಪುರದ ಚಿಕಣಿ ಚಿತ್ರದ ಯೋಗಿನಿ, ಪೊಲೀಸರಿಗೆ ಸಿಕ್ಕ ಕಳ್ಳಿ, ಮೈ ಅಳತೆಗೆಂದು ಚೌಕುಳಿ ಪರದೆ ಮುಂದೆ ನಿಲ್ಲಿಸಿದ ತೋಡ ಬುಡಕಟ್ಟಿನ ಹೆಂಗಸು: ಎಲ್ಲ ವೇಷವೂ ಅವರದೇ. ಅಮೆರಿಕದ ಕಲಾವಿದೆ ಸಿಂಡಿ ಶರ್ಮನ್ 1977–80ರಲ್ಲಿ, ಯಾರೂ ತೆಗೆಯದ ಸಿನಿಮಾಗಳ ನಾಯಕಿಯಾಗಿ ತಮ್ಮನ್ನೇ ಸೆರೆಹಿಡಿದಿದ್ದರು. ಇವನ್ನೆಲ್ಲ ನೋಡಿದ ಮೇಲೆ ನನ್ನ ಹಳೇ ಫೋಟೊ ಅರ್ಥವಾಯಿತು. ಭಂಗಿ ಮೊದಲೇ ತಯಾರಿರುತ್ತದೆ, ಹುಡುಗಿ ಬಂದು ಅದರೊಳಗೆ ನಿಲ್ಲುತ್ತಾಳೆ ಅಷ್ಟೆ.

ಹಳೇ ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸು, ಒಂದು ಟ್ರೈಪಾಡು. ಪಡಸಾಲೆಗೆ ಬೆಳಗಿನ ಎಂಟರವರೆಗೆ ಬಾಗಿಲಿಂದ ಮೆತ್ತನೆ ಬೆಳಕು ಬರುತ್ತದೆ, ಆಮೇಲೆ ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ದೊಡ್ಡ ಕಾಟ ಫೋಕಸ್ಸಿನದು. ನನ್ನ ಜಾಗದಲ್ಲಿ ನಿಲ್ಲಲು ಯಾರೂ ಇಲ್ಲ. ಎತ್ತರದ ಸ್ಟೂಲಿನ ಮೇಲೆ ಕೊಡ ಇಟ್ಟು, ಅದರ ಕಂಠಕ್ಕೆ ಫೋಕಸ್ ಮಾಡಿ, ಅದು ತಾನಾಗಿ ಬದಲಾಗದಂತೆ ಲೆನ್ಸನ್ನು ಮ್ಯಾನ್ಯುವಲ್‌ಗೆ ತಿರುಗಿಸಿ, ಕೊಡ, ಸ್ಟೂಲು ಎತ್ತಿಟ್ಟು ಓಡಿಬಂದು ನಿಲ್ಲಬೇಕು. ಲೆನ್ಸಿನ ಕಿಂಡಿ ಅಗಲ ತೆರೆದ ಎಫ್/2ರಲ್ಲಿ ಗೇಣು ಆಚೀಚೆ ಆದರೂ ಕಣ್ಣು ಮಸುಕು. ಕಿಂಡಿ ಕಿರಿದು ಮಾಡಿ ಎಫ್/8ಕ್ಕೆ ಇಳಿಸಿದೆ. ಷಟರ್ ನಿಧಾನವಾಯಿತು, ಉಸಿರು ಬಿಗಿಹಿಡಿದೆ.

ಹತ್ತು ಸೆಕೆಂಡಿನ ಟೈಮರಿನಲ್ಲಿ ನಲವತ್ತು ಫ್ರೇಮು ತೆಗೆದೆ. ನಲವತ್ತರಲ್ಲೂ ಅದೇ ಹುಡುಗಿ! ಗದ್ದ ತಾನಾಗಿ ಇಳಿದಿತ್ತು, ಕೈ ಸೆರಗಿನ ಮೇಲಿತ್ತು. ಪಡಸಾಲೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಹಿತ್ತಲಿಂದ ಬಂದ ಅವ್ವ ನಿಂತು ನೋಡಿದಳು.

‘ಏನವ್ವಾ ಇದು, ಕೊಡ ಎತ್ತೋದು, ಓಡೋದು. ಯಾರಿಗೆ ಕಳ್ಸಾಕ ಈ ಫೋಟೊ?’

‘ಯಾರಿಗೂ ಇಲ್ಲಬೇ.’

‘ಹಂಗಾರ ಸೀರಿ ಯಾಕ ಉಟ್ಟಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ಟೈಮರ್ ಬಿಟ್ಟು, ಐದೈದು ಸೆಕೆಂಡಿಗೊಮ್ಮೆ ತಾನೇ ಕ್ಲಿಕ್ಕಿಸುವಂತೆ ಕ್ಯಾಮೆರಾ ಹೊಂದಿಸಿದೆ. ಮೊದಲ ಹತ್ತು ನಿಮಿಷ ಮತ್ತೆ ಅದೇ ನಾಟಕ. ಆಮೇಲೆ ಬೇಸರ ಬಂತು. ಕುತ್ತಿಗೆ ತುರಿಸಿಕೊಂಡೆ. ಒಲೆ ಮೇಲಿನ ಹಾಲು ನೆನಪಾಗಿ ಅಡುಗೆಮನೆಯತ್ತ ಕತ್ತು ಚಾಚಿದೆ. ಆ ಫ್ರೇಮಿನಲ್ಲಿ ಗದ್ದ ಮೇಲಿದೆ, ಇಳಕಲ್ಲಿನ ಟೋಪಿ ತೆನೆ ವಿನ್ಯಾಸದ ಸೆರಗು ಅರ್ಧ ಜಾರಿದೆ, ಹುಬ್ಬು ಗಂಟಿಕ್ಕಿದೆ. ಅದನ್ನೇ ಆರಿಸಿದೆ, ಬಣ್ಣ ತಿದ್ದಲಿಲ್ಲ. ಹಾಲು ಉಕ್ಕಿಹೋಗಿತ್ತು, ಅದು ಬೇರೆ ಮಾತು.

ಹಳೆಯದರ ಅಳತೆಗೇ ಪ್ರಿಂಟು ಹಾಕಿಸಿ ಎರಡನ್ನೂ ಪಕ್ಕಪಕ್ಕ ಇಟ್ಟೆ. ಅವ್ವ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

‘ಇದ್ರಾಗ ಕೈ, ಮಾರಿ ಒಂದ ಬಣ್ಣ ಅದಾವಲ್ಲ’ ಅಂದಳು.