ಲ್ಯಾಪ್‌ಟಾಪಿನಲ್ಲಿ ಕಂದು ಕುಬ್ಜದ ಗಾಳಿ ಕಟ್ಟಿದ್ದು

ಕಂದು ಕುಬ್ಜ ಅಂದರೆ ನಕ್ಷತ್ರವಾಗಲು ತೂಕ ಸಾಲದ ಅನಿಲದ ಉಂಡೆ. ಗುರು ಗ್ರಹದ ಸುಮಾರು 13 ಪಟ್ಟಿನಿಂದ 75–80 ಪಟ್ಟು ತೂಗುತ್ತದೆ. ಇಂಥವು ಇರಬಹುದು ಅಂತ 1960ರ ದಶಕದ ಶುರುವಿನಲ್ಲೇ ಲೆಕ್ಕ ಹಾಕಿದವರು ನಮ್ಮ ದೇಶದಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಶಿವ್ ಕುಮಾರ್. ಗ್ಲೀಸ್ 229ಬಿ ಅನ್ನುವ ಕಂದು ಕುಬ್ಜ ಪತ್ತೆಯಾದ ಸುದ್ದಿ ಬಂದದ್ದು ಮಾತ್ರ 1995ರಲ್ಲಿ. ಅಂಥದೊಂದರ ಗಾಳಿಯಲ್ಲಿ ಶಾಖ ಹೇಗೆ ಮೇಲೆ ಬರುತ್ತದೆ ಅಂತ ನಾನೇ ಲೆಕ್ಕ ಮಾಡಿ ನೋಡಬೇಕು ಅನಿಸಿತು. ನೀರ್ಚಾಲಿನ ಮನೆಯಲ್ಲಿ, ಆಟಿಯ ಮಳೆಗೆ ದಿನಕ್ಕೆರಡು ಸಲ ಕರೆಂಟು ಹೋಗುವಾಗ, ಹಳೇ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುತ್ತಾ ಕೂತೆ. ದೊಡ್ಡ ಕಂಪ್ಯೂಟರ್ ಏನೂ ಬೇಡ ಇದಕ್ಕೆ.

ಕೋಡ್‌ನಲ್ಲಿ ಇರುವುದು ಗಾಳಿಯ ಒಂದೇ ಒಂದು ಕಂಬ. ಕೆಳಗೆ 100 ಬಾರ್ ಒತ್ತಡ (ಕಡಲ ಮಟ್ಟದಲ್ಲಿ ನಮ್ಮ ಗಾಳಿಯ ಒತ್ತಡ ಸುಮಾರು ಒಂದು ಬಾರ್), ಮೇಲೆ ಬಾರ್‌ನ ಹತ್ತು ಸಾವಿರದಲ್ಲಿ ಒಂದು ಪಾಲು. ಅದನ್ನು ಪದರ ಪದರವಾಗಿ ಕತ್ತರಿಸಿಟ್ಟರೆ ಪ್ರತಿ ಪದರಕ್ಕೂ ಒಂದೇ ಪ್ರಶ್ನೆ: ಶಾಖ ಇಲ್ಲಿ ಬೆಳಕಾಗಿ ಹೋಗುತ್ತದಾ, ಗಾಳಿಯೇ ಹೊತ್ತುಕೊಂಡು ಏರುತ್ತದಾ? ವಿಕಿರಣವಾ, ಸಂವಹನವಾ? ಇದಕ್ಕೆ ಜರ್ಮನ್ ಖಗೋಳ ವಿಜ್ಞಾನಿ ಕಾರ್ಲ್ ಶ್ವಾರ್ಜ್‌ಶಿಲ್ಡ್ 1906ರಲ್ಲಿ ಕೊಟ್ಟ ನಿಯಮವೇ ಇವತ್ತಿಗೂ ಆಧಾರ. ಆಳಕ್ಕೆ ಹೋದಂತೆ ಉಷ್ಣತೆ ಒಂದು ಮಿತಿಗಿಂತ ಜೋರಾಗಿ ಏರಿದರೆ ಗಾಳಿ ಸುಮ್ನೆ ಕೂರುವುದಿಲ್ಲ. ಭೂಮಿಯ ಒಣ ಗಾಳಿಗೆ ಆ ಮಿತಿ ಕಿಲೋಮೀಟರಿಗೆ 9.8 ಡಿಗ್ರಿ. ಆ ಲೆಕ್ಕದಲ್ಲಿ ಕಡಲ ತೀರದ ಕಾಸರಗೋಡಿಗಿಂತ 750 ಮೀಟರ್ ಎತ್ತರದ ರಾಣಿಪುರಂ 7 ಡಿಗ್ರಿ ತಂಪಿರಬೇಕು. ಮಳೆಗಾಲದಲ್ಲಿ ಅಷ್ಟು ವ್ಯತ್ಯಾಸ ಸಿಗುವುದಿಲ್ಲ, ಆವಿ ಮೋಡವಾಗುವಾಗ ಶಾಖ ಬಿಡುತ್ತದಲ್ವಾ. ಕಂದು ಕುಬ್ಜದಲ್ಲಿ ಕಿಲೋಮೀಟರ್ ಲೆಕ್ಕ ಬಿಟ್ಟು ಒತ್ತಡದ ಲೆಕ್ಕ ಹಿಡಿಯುವುದು ಸುಲಭ. ಉಷ್ಣತೆಯ ಲಾಗರಿದಮ್, ಒತ್ತಡದ ಲಾಗರಿದಮ್, ಎರಡನೆಯದು ಏರಿದಂತೆ ಮೊದಲನೆಯದು ಎಷ್ಟು ಏರುತ್ತದೆ ಅನ್ನುವ ಇಳಿಜಾರು 2/7 ದಾಟಿದರೆ, ಅಂದರೆ ಸುಮಾರು 0.286 ದಾಟಿದರೆ, ಸಂವಹನ ಶುರು.

ನನಗೆ ಅತಿ ಜಾಸ್ತಿ ಖುಷಿ ಕೊಟ್ಟ ಲೆಕ್ಕ ಇಲ್ಲೇ ಇದೆ. ಕೋಡ್ ಮೊದಲ ಸಲ ಓಡಿಸುವಾಗ ಬೇಕಂತಲೇ ಒಪ್ಯಾಸಿಟಿಯನ್ನು, ಅಂದರೆ ಗಾಳಿ ಬೆಳಕನ್ನು ತಡೆಯುವ ಗುಣವನ್ನು, ಎಲ್ಲ ಪದರಕ್ಕೂ ಒಂದೇ ಇಟ್ಟೆ. ಹಾಗೆ ಮಾಡಿದರೆ ಆಳದಲ್ಲಿ ಉಷ್ಣತೆಯ ನಾಲ್ಕನೇ ಘಾತ ಒತ್ತಡದ ಜೊತೆ ಸಮವಾಗಿ ಏರುತ್ತದೆ, ಇಳಿಜಾರು 1/4ರ ಹತ್ತಿರ ಬಂದು ನಿಲ್ಲುತ್ತದೆ. 0.25 ಯಾವತ್ತೂ 0.286 ದಾಟುವುದಿಲ್ಲ. ಕಂಬ ಎಷ್ಟೇ ಬಿಸಿಯಾಗಲಿ, ಎಷ್ಟೇ ಆಳವಿರಲಿ, ಒಂದು ಪದರವೂ ಅಲುಗಲಿಲ್ಲ! ಆದರೆ ನಿಜವಾದ ಹೈಡ್ರೋಜನ್ ಹಾಗಿಲ್ಲ. ಒತ್ತಡ ಜಾಸ್ತಿಯಾದಾಗ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಬೆಳಕನ್ನು ಇನ್ನೂ ಹೆಚ್ಚು ನುಂಗುತ್ತವೆ. ಒಪ್ಯಾಸಿಟಿ ಒತ್ತಡದ ಜೊತೆ ಏರುವಂತೆ ಒಂದೇ ಸಾಲು ಬದಲಿಸಿದೆ. ಇಳಿಜಾರು 1/2ರ ಕಡೆಗೆ ನುಗ್ಗಿತು, ಆಪ್ಟಿಕಲ್ ಡೆಪ್ತ್, ಅಂದರೆ ಮೇಲಿಂದ ಅಲ್ಲಿ ತನಕ ಗಾಳಿ ಬೆಳಕನ್ನು ಒಟ್ಟು ಎಷ್ಟು ತಡೆಯುತ್ತದೆ ಅನ್ನುವ ಅಳತೆ, ಸುಮಾರು 0.9 ಆಗುವಾಗಲೇ ಮಿತಿ ದಾಟಿತು, ಅದರ ಕೆಳಗಿನದೆಲ್ಲ ಕದಡತೊಡಗಿತು. ಕೆಳಗಿಂದ ಕಾಯಿಸಿದರೆ ಗಾಳಿ ಏಳುತ್ತದೆ ಅಂತ ಶಾಲೆಯಲ್ಲಿ ಕಲಿತದ್ದು ಅರ್ಧ ಮಾತ್ರ. ಬೆಳಕಿನ ದಾರಿ ಮುಚ್ಚಿದಾಗಲೇ ಗಾಳಿ ಏಳುವುದು.

ಮಿತಿ ದಾಟಿದ ಜಾಗ ಸರಿಪಡಿಸಲು ಹವಾಮಾನ ವಿಜ್ಞಾನಿಗಳಾದ ಮನಬೆ ಮತ್ತು ಸ್ಟ್ರಿಕ್ಲರ್ 1964ರಲ್ಲಿ ಭೂಮಿಗೆ ಬಳಸಿದ ಉಪಾಯವನ್ನೇ ಹಿಡಿದೆ. ಅಕ್ಕಪಕ್ಕದ ಎರಡು ಪದರಗಳ ಒಟ್ಟು ಶಾಖ ಬದಲಾಗದಂತೆ ಇಳಿಜಾರನ್ನು 2/7ಕ್ಕೆ ತರುವುದು. ಚಾಪೆಯ ಸುಕ್ಕು ಒಂದು ಕಡೆ ಒತ್ತಿದರೆ ಪಕ್ಕದಲ್ಲಿ ಏಳುವಂತೆ ಮುಂದಿನ ಜೋಡಿ ಕೆಡುತ್ತದೆ, ಎಲ್ಲವೂ ನೆಟ್ಟಗಾಗುವ ತನಕ ಕೆಳಗಿಂದ ಮೇಲೆ ಹೋಗುತ್ತಲೇ ಇರಬೇಕು. ಕೊನೆಗೆ ಮೇಲಿನ ವಿಕಿರಣದ ಪದರಗಳಲ್ಲೆಲ್ಲ ಹಾದುಹೋಗುವ ಶಾಖ ಒಂದೇ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಗ್ರಾಫ್ ಎಷ್ಟು ಚಂದ ಕಂಡರೂ ನಂಬಬೇಡಿ.

ಆಮೇಲೆ ನೀರಾವಿ ಸೇರಿಸಿದೆ. ಇಲ್ಲಿ ನಮ್ಮ ಮಳೆಗಾಲದ ಬುದ್ಧಿ ತಲೆಕೆಳಗು. ನಮ್ಮ ಗಾಳಿಯ ಸರಾಸರಿ ಅಣುತೂಕ 29, ನೀರಿನದು 18. ಹಾಗಾಗಿ ತೇವದ ಗಾಳಿ ಹಗುರ, ಏಳುತ್ತದೆ. ಹೈಡ್ರೋಜನ್–ಹೀಲಿಯಂ ಗಾಳಿಯ ಅಣುತೂಕ ಸುಮಾರು 2.3, ಅಲ್ಲಿ ಅದೇ ಆವಿ ಭಾರ. ಬಿಸಿಯಾದಷ್ಟೂ ಹೆಚ್ಚು ಆವಿ ತುಂಬಿಕೊಳ್ಳುತ್ತದೆ, ತುಂಬಿದಷ್ಟೂ ತೂಕ. 1995ರಲ್ಲಿ ಗ್ರಹ ವಿಜ್ಞಾನಿ ಟ್ರಿಸ್ಟನ್ ಗಿಲ್ಲೋ ತೋರಿಸಿದ್ದು ಇದನ್ನೇ: ಆವಿ ಒಂದು ಪ್ರಮಾಣ ಮೀರಿದರೆ ಸಂವಹನವೇ ನಿಲ್ಲುತ್ತದೆ. 300 ಕೆಲ್ವಿನ್ ಹತ್ತಿರ ಆ ಪ್ರಮಾಣ ತೂಕದಲ್ಲಿ ಶೇಕಡಾ 6ರ ಆಸುಪಾಸು ಅಂತ ನನ್ನ ಲೆಕ್ಕಕ್ಕೆ ಬಂತು. ಕೋಡ್‌ನಲ್ಲಿ ಅಣುತೂಕದ ಇಳಿಜಾರನ್ನೂ ಪರೀಕ್ಷೆಗೆ ಸೇರಿಸಿದ ಕೂಡಲೇ ಮೋಡದ ಬುಡದಲ್ಲಿ ಗಾಳಿ ಅಲುಗದ ಒಂದು ಪಟ್ಟಿ ಬಂತು, ಅದರ ಕೆಳಗೆ ಉಷ್ಣತೆ ಧಡಕ್ಕನೆ ಏರಿತು. ಶನಿಯಲ್ಲಿ 2010ರ ಡಿಸೆಂಬರಿನಲ್ಲಿ ಎದ್ದಂಥ ದೈತ್ಯ ಬಿರುಗಾಳಿಗಳು ದಶಕಗಳಿಗೊಮ್ಮೆ ಮಾತ್ರ ಬರುವುದು ಇದೇ ತಡೆಯಿಂದ ಇರಬಹುದು ಅಂತ ಗ್ರಹ ವಿಜ್ಞಾನಿಗಳಾದ ಲಿ ಮತ್ತು ಇಂಗರ್‌ಸಾಲ್ 2015ರಲ್ಲಿ ಬರೆದಿದ್ದಾರೆ. ನನಗಂತೂ ಒಪ್ಪಿಗೆಯಾಯಿತು.

ಈಗ ಬೆಳಕನ್ನು ಬೇರೆ ಬೇರೆ ತರಂಗಾಂತರಗಳಾಗಿ ಒಡೆಯುತ್ತಿದ್ದೇನೆ. ಗ್ಲೀಸ್ 229ಬಿಯಂಥವಕ್ಕೆ ಅದು ಬೇಕೇ ಬೇಕು. ಕೆಂಪಿನ ತುಸು ಆಚೆಗಿನ, ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್‌ನ ಕೆಲವು ಕಿಂಡಿಗಳಲ್ಲಿ ಗಾಳಿ ಪಾರದರ್ಶಕ, ಆಳದಿಂದಲೂ ಬೆಳಕು ನೇರ ಹೊರಗೆ ಬರುತ್ತದೆ, ಹಾಗಾಗಿ ಎರಡು ಸಂವಹನ ವಲಯಗಳ ನಡುವೆ ವಿಕಿರಣದ ಪದರವೊಂದು ಸಿಕ್ಕಿಕೊಳ್ಳುತ್ತದೆ. ಎಲ್ಲ ತರಂಗಾಂತರಕ್ಕೂ ಒಂದೇ ಒಪ್ಯಾಸಿಟಿ ಇಟ್ಟ ನನ್ನ ಈಗಿನ ಕಂಬದಲ್ಲಿ ಆ ಪದರ ಬರುವುದಿಲ್ಲ.