ಹದಿನೈದು ವ್ಯಾಟ್ ಸಾಕು ಅಂತ ನಾನು ತೀರ್ಮಾನ ಮಾಡಿದ್ದು ಹೇಗೆ

ಗಿಟಾರಿಗೆ ಒಳ್ಳೇ ಟ್ಯೂಬ್ ಆಂಪ್ (ಹಳೇ ರೇಡಿಯೋ ಥರ ಗಾಜಿನ ಟ್ಯೂಬ್, ಅಂದ್ರೆ ವಾಲ್ವ್, ಹಾಕಿರೋ ಆಂಪ್ಲಿಫೈಯರ್) ತಗೋಬೇಕು, ಯಾವ್ದು ತಗೊಳ್ಲಿ ಅಂತ ಯಾರಾದ್ರೂ ಕೇಳಿದ್ರೆ ನಾನು ಬ್ರ್ಯಾಂಡ್ ಹೆಸ್ರು ಹೇಳಲ್ಲ, ಎಲ್ಲಿ ನುಡಿಸ್ತೀಯ, ಎಷ್ಟು ಸೌಂಡ್ ಇಟ್ಟು ನುಡಿಸೋಕೆ ಬಿಡ್ತಾರೆ ಅಂತ ಕೇಳ್ತೀನಿ. ಬೆಂಗ್ಳೂರಲ್ಲಿ ಅಪಾರ್ಟ್‌ಮೆಂಟಲ್ಲಿ ಇದ್ದು ತಿಂಗಳಿಗೆ ಒಂದೋ ಎರಡೋ ಪಬ್ ಗಿಗ್ ಮಾಡೋನಿಗೂ, ಓಪನ್ ಗ್ರೌಂಡಲ್ಲಿ ಕಾಲೇಜ್ ಫೆಸ್ಟ್ ಮಾಡೋನಿಗೂ ಬೇಕಾಗೋ ಆಂಪ್ ಒಂದೇ ಅಲ್ಲ. ಇಂಥದ್ರಲ್ಲಿ ನಾಲ್ಕೈದು ಲಕ್ಷ ಸುರಿದ್ಮೇಲೆ ವಾಲ್ಯೂಮ್ ನಾಬನ್ನ ಎರಡರ ಮೇಲೆ ತಿರುಗಿಸೋಕೆ ಆಗದೇ ಇದ್ರೆ ಆ ಆಂಪ್ ಯಾಕೆ ದುಬಾರಿ ಅನ್ನೋದು ನಿಮಗೆ ಗೊತ್ತಾಗೋದೇ ಇಲ್ಲ. ಯಾಕಂದ್ರೆ ಟ್ಯೂಬ್ ಆಂಪ್‌ನ ಮಜಾ ಇರೋದು ಸ್ಪೀಕರ್ ಓಡಿಸೋ ಪವರ್ ಟ್ಯೂಬ್‌ಗಳು ಬೆವರೋಕೆ ಶುರು ಮಾಡಿದಾಗ, ಪಿಕ್ ಮೆಲ್ಲಗೆ ಹೊಡೆದ್ರೆ ಕ್ಲೀನು, ಜೋರಾಗಿ ಹೊಡೆದ್ರೆ ಸ್ವಲ್ಪ ಒರಟು, ಆ ಗಡಿಯಲ್ಲಿ.

ವ್ಯಾಟ್ ಲೆಕ್ಕ ಮೊದ್ಲು ಹೇಳಿಬಿಡ್ತೀನಿ, ತುಂಬಾ ಜನ ಇಲ್ಲೇ ದಾರಿ ತಪ್ಪೋದು. 50 ವ್ಯಾಟಿಂದ 100 ವ್ಯಾಟಿಗೆ ಹೋದ್ರೆ ಹೆಚ್ಚಾಗೋದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸ್ಬೇಕಂದ್ರೆ ಸುಮಾರು 10 ಡೆಸಿಬಲ್ ಬೇಕು, ಅಂದ್ರೆ ಹತ್ತು ಪಟ್ಟು ಪವರ್. ಸೆಲೆಷನ್ ಗ್ರೀನ್‌ಬ್ಯಾಕ್ ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ 98 ಡೆಸಿಬಲ್ ಕೊಡುತ್ತೆ, ಹದಿನೈದು ವ್ಯಾಟ್ ಕೊಟ್ರೆ ಹತ್ರ ಹತ್ರ 110. ಅದೇ ಸೆನ್ಸಿಟಿವಿಟಿಯ ಸ್ಪೀಕರ್‌ಗಳಿಗೆ ನೂರು ವ್ಯಾಟ್ ಕೊಟ್ರೂ 118. ಹೀಗಾಗಿ ನೂರು ವ್ಯಾಟಿನ ಆಂಪು ಹದಿನೈದು ವ್ಯಾಟಿಂದಕ್ಕಿಂತ ಕಿವಿಗೆ ಎರಡು ಪಟ್ಟೂ ಜೋರಿಲ್ಲ, ಆದ್ರೆ ಹೊರೋಕೆ ಮಾತ್ರ ಎರಡು ಪಟ್ಟು ಭಾರ ಇರುತ್ತೆ! ಜಾಸ್ತಿ ವ್ಯಾಟಿಂದ ನಿಜವಾಗಿ ಸಿಗೋದು ಹೆಡ್‌ರೂಮ್, ಅಂದ್ರೆ ಡ್ರಮ್ಮರ್ ಪಕ್ಕ ನಿಂತ್ರೂ ಕ್ಲೀನಾಗೇ ಉಳಿಯೋ ಶಕ್ತಿ. ಜ್ಯಾಝ್ ನುಡಿಸೋರಿಗೆ, ಸೌಂಡ್ ಬದಲಿಸೋ ಪೆಡಲ್‌ಗಳ ಮೇಲೇ ಬದುಕೋರಿಗೆ ಅದು ಬೇಕು. ನಾನು ಪೆಡಲ್ ಕಮ್ಮಿ, ಗಿಟಾರ್‌ನ ವಾಲ್ಯೂಮ್ ನಾಬಲ್ಲೇ ಕೆಲಸ ಮಾಡ್ಕೊಳ್ಳೋನು, ನನಗೆ ಬೇಡ.

ಆಫೀಸ್ ಕೆಲಸದ ಮೇಲೆ ಕೆಲವು ತಿಂಗಳು ಲಂಡನ್ನಲ್ಲಿ ಇದ್ದೆ, ಶನಿವಾರ ಬಂತಂದ್ರೆ ಗಿಟಾರ್ ಅಂಗಡಿಗಳ ಬೀದಿ ಡೆನ್ಮಾರ್ಕ್ ಸ್ಟ್ರೀಟ್ ಕಡೆ, ಇಲ್ಲಾಂದ್ರೆ ಬೇರೆ ಅಂಗಡಿಗಳ ಕಡೆ. ಇಲ್ಲಿ ನಮ್ಮೂರಲ್ಲಿ ಇಂಥ ಆಂಪ್‌ಗಳನ್ನ ಪಕ್ಕ ಪಕ್ಕ ಇಟ್ಟು ಕೇಳೋಕೆ ಸಿಗೋದು ಕಷ್ಟ, ಅಲ್ಲಿ ಬಾಗಿಲು ಹಾಕ್ಕೊಂಡು ನುಡಿಸಿ ಅಂತ ರೂಮ್ ಕೊಡ್ತಾರೆ. ನನ್ನ ಗಿಟಾರನ್ನೇ ಹೊತ್ಕೊಂಡು ಹೋಗ್ತಿದ್ದೆ, ಅದು ಮುಖ್ಯ, ಅಂಗಡಿಯ ದುಬಾರಿ ಗಿಟಾರಲ್ಲಿ ಎಲ್ಲಾ ಆಂಪೂ ಚೆನ್ನಾಗೇ ಕೇಳ್ಸುತ್ತೆ. ಇನ್ನೊಂದು, ಮೊದಲು ನಾಬ್‌ಗಳೆಲ್ಲಾ ಮಧ್ಯಕ್ಕೆ ಇಟ್ಟು ಬರೀ ಒಂದು ಕಾರ್ಡ್ ಹೊಡೆದು ಬಿಡ್ತಿದ್ದೆ, ಅದು ಆರೋ ತನಕ ಕೇಳ್ತಿದ್ದೆ. ಅಗ್ಗದ ಆಂಪಲ್ಲಿ ಆ ಬಾಲ ಗುರ್ ಅಂತ ಮುರಿದು ಮುರಿದು ಹೋಗುತ್ತೆ, ಒಳ್ಳೇದ್ರಲ್ಲಿ ನೈಸಾಗಿ ಕರಗುತ್ತೆ.

ಈಗ ಆಂಪ್ ಕಂಪನಿಗಳ, ಅಂದ್ರೆ ಮನೆತನಗಳ ವಿಷಯ. ಫೆಂಡರ್ ಕಡೆಯವು 6ವಿ6 ಮತ್ತು 6ಎಲ್6 ಟ್ಯೂಬು. 1963ರಲ್ಲಿ ಬಂದ ಡಿಲಕ್ಸ್ ರಿವರ್ಬ್, ಎರಡು 6ವಿ6, 22 ವ್ಯಾಟ್, ಇದು ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರೋ ಆಂಪ್ ಅಂತ ನನ್ನ ಅಭಿಪ್ರಾಯ. ಅದರ ಅಣ್ಣ ಟ್ವಿನ್ ರಿವರ್ಬ್, ನಾಲ್ಕು 6ಎಲ್6, 85 ವ್ಯಾಟ್, 29 ಕೇಜಿ. ಎತ್ತಿ ನೋಡಿ, ಆಮೇಲೆ ಮಾತಾಡೋಣ. ಮಾರ್ಷಲ್ ಕಥೆ ನಿಮಗೆ ಗೊತ್ತಿರುತ್ತೆ, 1962ರಲ್ಲಿ ಲಂಡನ್ನಿನ ಹ್ಯಾನ್ವೆಲ್‌ನಲ್ಲಿ ಜಿಮ್ ಮಾರ್ಷಲ್ ಜೊತೆಗಿದ್ದ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಸೇರಿ ಫೆಂಡರ್ ಬಾಸ್‌ಮನ್ ಸರ್ಕ್ಯೂಟನ್ನೇ ಹಿಡ್ಕೊಂಡು ಜೆಟಿಎಂ45 ಮಾಡಿದ್ರು, ಆಮೇಲೆ ಇಎಲ್34 ಟ್ಯೂಬ್ ಬಂದ್ಮೇಲೆ ಅದು ಬೇರೆಯದೇ ದಾರಿ ಹಿಡೀತು. ಅದ್ಭುತ ಸೌಂಡು, ಆದ್ರೆ ಜೋರಾಗಿ ಇಟ್ರೆ ಮಾತ್ರ. ಮೂರನೇದು ವಾಕ್ಸ್, ಡಿಕ್ ಡೆನ್ನಿ ಡಿಸೈನ್ ಮಾಡಿದ ಎಸಿ15, ಎಸಿ30. ಇದ್ರಲ್ಲಿ ಇಎಲ್84 ಟ್ಯೂಬು, ಕ್ಯಾಥೋಡ್ ಬಯಾಸ್ (ಸುಮ್ನಿದ್ದಾಗ ಟ್ಯೂಬಲ್ಲಿ ಹರಿಯೋ ಕರೆಂಟು, ಅಂದ್ರೆ ಬಯಾಸ್, ತಾನೇ ಹೊಂದಿಕೊಳ್ಳೋ ರೀತಿ), ಔಟ್‌ಪುಟ್ಟನ್ನ ಸ್ವಲ್ಪ ಹಿಂದಕ್ಕೆ ಕೊಟ್ಟು ಸೌಂಡನ್ನ ಹದ್ದುಬಸ್ತಲ್ಲಿಡೋ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲ. ಆ ಫೀಡ್‌ಬ್ಯಾಕ್ ಇಲ್ಲದಿರೋದ್ರಿಂದಲೇ ಕ್ಲೀನ್‌ನಿಂದ ಡಿಸ್ಟಾರ್ಷನ್‌ಗೆ ಥಟ್ ಅಂತ ಹಾರಲ್ಲ, ಜಾರ್ಕೊಂಡು ಹೋಗುತ್ತೆ. ಎಸಿ30ನ ಕ್ಲಾಸ್ ಎ (ಎಲ್ಲಾ ಪವರ್ ಟ್ಯೂಬೂ ಪೂರ್ತಿ ಹೊತ್ತು ದುಡಿಯೋ ರೀತಿ) ಅಂತ ಎಲ್ರೂ ಮಾರ್ತಾರೆ, ಫುಲ್ ಪವರಲ್ಲಿ ಅದು ಕ್ಲಾಸ್ ಎಬಿನೇ (ಸರದಿ ಮೇಲೆ ಸ್ವಲ್ಪ ಹೊತ್ತು ಬಿಡುವು ತಗೊಳ್ಳೋ ರೀತಿ), ಅದರ ಬಗ್ಗೆ ಜಗಳ ಆಡೋಕೆ ನನಗೆ ಆಸಕ್ತಿ ಇಲ್ಲ, ಕಿವಿಗೆ ಏನು ಬೀಳುತ್ತೋ ಅದು ಮುಖ್ಯ.

ಇನ್ನು ಬೊಟೀಕ್, ಅಂದ್ರೆ ಚಿಕ್ಕ ಕಂಪನಿಗಳು ಕಮ್ಮಿ ಸಂಖ್ಯೆಯಲ್ಲಿ ಮಾಡೋ, ಆಂಪ್‌ಗಳು. ಡಂಬಲ್ ಬಗ್ಗೆ ಕನಸು ಕಾಣೋರು ಕಾಣ್ಲಿ, ಅಲೆಕ್ಸಾಂಡರ್ ಡಂಬಲ್ 2022ರಲ್ಲಿ ತೀರ್ಕೊಂಡ್ರು, ಅವರ ಕೈಯಲ್ಲಿ ಆದ ಆಂಪ್‌ಗಳು ಈಗ ಒಂದು ಸೈಟಿನ ರೇಟಲ್ಲಿ ಕೈ ಬದಲಾಗ್ತಿವೆ. ಆ ದಾರೀಲಿ ನಡೆಯೋ ಟೂ-ರಾಕ್ ಕೇಳಿದೆ, ಕಾಲು ಗಂಟೆ ಮಾತೇ ಬರ್ಲಿಲ್ಲ, ಅಷ್ಟು ದೊಡ್ಡ ಕ್ಲೀನ್ ಸೌಂಡು. ಆದ್ರೆ ಅದು ನನ್ನ ಪ್ರತಿಯೊಂದು ಕಳ್ಳಾಟವನ್ನೂ ಬಯಲು ಮಾಡ್ತಿತ್ತು, ಜೊತೆಗೆ ಅದರ ಸುಖ ಇರೋದೂ ಜೋರು ವಾಲ್ಯೂಮಲ್ಲೇ. ಮ್ಯಾಚ್‌ಲೆಸ್ ಕೇಳಿದ್ಮೇಲೆ ಮನಸ್ಸು ಅಲ್ಲೇ ನಿಂತ್ಬಿಡ್ತು. 1989ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾದ ಕಂಪನಿ, ವಾಕ್ಸ್ ಐಡಿಯಾನೇ ತಗೊಂಡು ಟೂರ್ ಮಾಡಿದ್ರೂ ಬಿಚ್ಚಿ ಹೋಗದ ಹಾಗೆ ಕಟ್ಟಿದ್ರು. ಅವರ ಡಿಸಿ-30 ನಾಲ್ಕು ಇಎಲ್84, ಒಂದು ಚಾನೆಲಲ್ಲಿ ಗಿಟಾರ್ ಸಿಗ್ನಲನ್ನ ಮೊದಲು ದೊಡ್ಡದು ಮಾಡೋಕೆ ಇಎಫ್86 ಅನ್ನೋ ಟ್ಯೂಬ್ ಬೇರೆ. ಆದ್ರೆ ಮೂವತ್ತು ವ್ಯಾಟ್ ನನಗೆ ಜಾಸ್ತಿ. ಅದರ ತಮ್ಮ ಲೈಟ್ನಿಂಗ್, ಎರಡು ಇಎಲ್84, 15 ವ್ಯಾಟ್. ಅದು ನನ್ನ ಆಂಪ್ ಅಂತ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯ್ತು.

ಸೌಂಡ್ ಒಂದು ಕಡೆ, ಬೆಂಗ್ಳೂರಿಗೆ ತಂದು ಬದುಕಿಸೋದು ಇನ್ನೊಂದು ಕಡೆ. ನಾನು ಇಎಲ್84 ಕಡೆ ವಾಲಿದ್ದಕ್ಕೆ ಅರ್ಧ ಕಾರಣ ಇದೇ. ಕ್ಯಾಥೋಡ್ ಬಯಾಸ್ ಆಂಪಲ್ಲಿ ಪವರ್ ಟ್ಯೂಬ್ ಬದಲಿಸಿದಾಗ ಬಯಾಸ್ ಸೆಟ್ ಮಾಡ್ಸೋ ತಲೆನೋವಿಲ್ಲ, ಮ್ಯಾಚ್ ಆಗಿರೋ ಜೋಡಿ ಹಾಕು, ಆನ್ ಮಾಡು, ಅಷ್ಟೇ. ಫಿಕ್ಸೆಡ್ ಬಯಾಸ್ ಆದ್ರೆ ನಾನೂರು ಚಿಲ್ಲರೆ ವೋಲ್ಟ್ ಹರಿಯೋ ಚಾಸಿ ಒಳಗೆ ಕೈ ಹಾಕೋ ಧೈರ್ಯ ಇರೋ ಮೆಕ್ಯಾನಿಕ್ ಹುಡುಕ್ಬೇಕು. ಇನ್ನೊಂದರ್ಧ, ವೈರಿಂಗ್. ಲೈಟ್ನಿಂಗ್ ಒಳಗೆ ಪಿಸಿಬಿ (ಅಚ್ಚು ಹಾಕಿದ ಸರ್ಕ್ಯೂಟ್ ಬೋರ್ಡ್) ಇಲ್ಲ, ಪಾಯಿಂಟ್ ಟು ಪಾಯಿಂಟ್, ಅಂದ್ರೆ ಭಾಗಗಳನ್ನ ನೇರವಾಗಿ ಒಂದಕ್ಕೊಂದು ಬೆಸುಗೆ ಹಾಕಿರೋದು, ರೆಸಿಸ್ಟರ್ ಕೆಪಾಸಿಟರ್ ಎಲ್ಲಾ ಕಣ್ಣಿಗೆ ಕಾಣುತ್ತೆ. ಕೈಯಲ್ಲಿ ವೈರ್ ಮಾಡಿದ್ರೆ ಸೌಂಡೇ ಬೇರೆ ಅನ್ನೋದನ್ನ ನಾನು ನಂಬಲ್ಲ, ಒಳ್ಳೇ ಪಿಸಿಬಿ ಆಂಪ್‌ಗಳೂ ಬೇಕಾದಷ್ಟಿವೆ. ಆದ್ರೆ ಹಳೇ ವಾಲ್ವ್ ರೇಡಿಯೋ ರಿಪೇರಿ ಮಾಡಿ ಗೊತ್ತಿರೋ ಯಾರಾದ್ರೂ ಇದನ್ನ ಸರ್ಕ್ಯೂಟ್ ಡಯಾಗ್ರಾಮ್ ನೋಡ್ಕೊಂಡು ಸರಿ ಮಾಡಬಹುದು. ಟ್ಯೂಬ್ ಸಾಕೆಟ್ಟನ್ನೇ ಪಿಸಿಬಿ ಮೇಲೆ ಬೆಸುಗೆ ಹಾಕಿರೋ ಆಂಪಲ್ಲಿ ಬಿಸಿಗೆ ಬೋರ್ಡ್ ಸುಟ್ರೆ ಟ್ರ್ಯಾಕ್ ಎದ್ದು ಬರುತ್ತೆ, ಆಗ ಕೆಲಸ ಕೆಟ್ಟ ಹಾಗೇ.

ಅಮೆರಿಕಾದಲ್ಲಿ ಇರೋ ಕಸಿನ್ ಕೈಲಿ ತರ್ಸೋಣ ಅಂತ ಯೋಚನೆ ಮಾಡ್ತಿರೋರಿಗೆ ಒಂದು ಮಾತು. ಅಲ್ಲಿಯ ಆಂಪು 120 ವೋಲ್ಟ್, 60 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ವೋಲ್ಟೇಜ್ ಇಳಿಯುತ್ತೆ, ಆದ್ರೆ ಹರ್ಟ್ಸ್ ಇಲ್ಲಿಯ 50ನೇ ಇರುತ್ತೆ, ಬರೀ 60ಕ್ಕೆ ಅಂತ ಮಾಡಿದ ಪವರ್ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಬಿಸಿಯಾಗುತ್ತೆ. ಎಕ್ಸ್‌ಪೋರ್ಟ್ ಟ್ರಾನ್ಸ್‌ಫಾರ್ಮರ್ (50 ಹರ್ಟ್ಸಿಗೂ ನಮ್ಮ ವೋಲ್ಟೇಜಿಗೂ ಆಗೋದು) ಇರೋದಾದ್ರೆ ಓಕೆ, ಹಿಂದಿನ ಪ್ಲೇಟ್ ಓದಿ ತಗೊಳ್ಳಿ. ಇಂಗ್ಲೆಂಡಿನ ಕರೆಂಟು ನಮ್ಮದೇ ಥರ, 230 ವೋಲ್ಟ್, 50 ಹರ್ಟ್ಸ್, ಅಲ್ಲಿ ಓಡ್ತಿದ್ದದ್ದು ಇಲ್ಲಿ ಪ್ಲಗ್ ಬದಲಿಸಿದ್ರೆ ಓಡುತ್ತೆ.

ಹಾಗಾಗಿ ಅಲ್ಲೇ ಸೆಕೆಂಡ್ ಹ್ಯಾಂಡ್ ಲೈಟ್ನಿಂಗ್ ಹೆಡ್ ಒಂದನ್ನ ಒಬ್ಬ ಮ್ಯೂಸಿಷಿಯನ್ ಹತ್ರ ತಗೊಂಡೆ. ಸ್ಪೀಕರ್ ಸೇರಿರೋ ಕಾಂಬೋ ಅಲ್ಲ, ಸ್ಪೀಕರ್ ಇಲ್ಲದ ಬರೀ ಹೆಡ್, ಸ್ಪೀಕರ್ ಪೆಟ್ಟಿಗೆಯನ್ನ ವಿಮಾನದಲ್ಲಿ ಹೊತ್ತು ತರೋದ್ರಲ್ಲಿ ಅರ್ಥ ಇಲ್ಲ. ನೋಡೋವಾಗ ಮಾಡಿದ್ದು ಇಷ್ಟು. ಗಿಟಾರ್ ಹಾಕದೇ ಆನ್ ಮಾಡಿ ವಾಲ್ಯೂಮ್ ಏರಿಸಿ ಸುಮ್ನೆ ಕೇಳಿದೆ: 100 ಹರ್ಟ್ಸಿನ ಝುಂಯ್ ಅನ್ನೋ ಹಮ್ ಇದ್ರೆ ಫಿಲ್ಟರ್ ಕೆಪಾಸಿಟರ್ ವಯಸ್ಸಾಗಿದೆ ಅನ್ನೋ ಅನುಮಾನ, 50 ಹರ್ಟ್ಸಿಂದಾದ್ರೆ ಹೀಟರ್ (ಟ್ಯೂಬನ್ನ ಒಳಗಿಂದ ಬಿಸಿ ಮಾಡೋ ತಂತಿ) ವೈರಿಂಗೋ ಅರ್ಥಿಂಗೋ. ಪೆನ್ಸಿಲ್ ಹಿಂದಿನ ರಬ್ಬರಿಂದ ಒಂದೊಂದು ಟ್ಯೂಬನ್ನೂ ಮೆಲ್ಲಗೆ ತಟ್ಟಿದೆ, ಸ್ಪೀಕರಲ್ಲಿ ಟಣ್ ಅಂದ್ರೆ ಆ ಟ್ಯೂಬ್ ಮೈಕ್ರೋಫೋನಿಕ್, ಅಂದ್ರೆ ಮೈಕ್ ಥರ ಅದುರಾಟವನ್ನೂ ಸೌಂಡ್ ಮಾಡುತ್ತೆ. ಕತ್ತಲು ಮಾಡಿ ಪವರ್ ಟ್ಯೂಬ್ ಒಳಗಿನ ಪ್ಲೇಟ್ ಕೆಂಪಗೆ ಹೊಳೀತಿದ್ಯಾ ನೋಡಿದೆ, ನೀಲಿ ಮಿಣುಕು ಇದ್ರೆ ಭಯ ಬೇಡ, ಕೆಂಪು ಪ್ಲೇಟ್ ಇದ್ರೆ ವ್ಯವಹಾರನೇ ಬೇಡ. ಆಮೇಲೆ ಅರ್ಧ ಗಂಟೆ ಜೋರಾಗಿ ನುಡಿಸಿದೆ, ಬಿಸಿಯಾದ್ಮೇಲೇ ಕಾಣಿಸ್ಕೊಳ್ಳೋ ರೋಗಗಳು ಬೇರೇನೇ ಇವೆ.

ಟ್ಯೂಬ್‌ಗಳನ್ನ ಬಿಚ್ಚಿ ಕಾಲುಚೀಲದಲ್ಲಿ ಸುತ್ತಿ ಹ್ಯಾಂಡ್ ಲಗೇಜಲ್ಲಿ ತಂದೆ. ಕಸ್ಟಮ್ಸಲ್ಲಿ ಬಿಲ್ ತೋರ್ಸಿ ಡ್ಯೂಟಿ ಕಟ್ಟಿದೆ, ಕಟ್ಟಿಬಿಡಿ, ನೆಮ್ಮದಿ.

ಕ್ಯಾಬಿನೆಟ್ ಮಾತ್ರ ಇಲ್ಲೇ ಮಾಡ್ಸಿದ್ದು, ನನಗೆ ತುಂಬಾ ಖುಷಿ ಕೊಟ್ಟ ಭಾಗ ಅದು. 18 ಎಂಎಂ ಬರ್ಚ್ ಪ್ಲೈ, ಮೂಲೆಗಳಿಗೆ ಫಿಂಗರ್ ಜಾಯಿಂಟ್, ಹಿಂದೆ ಅರ್ಧ ಓಪನ್. ಬಡಗಿಗೆ ಇದು ಏನಕ್ಕೆ ಅಂತ ಅರ್ಥ ಆಗೋ ತನಕ ಇದು ದೇವರ ಮಂಟಪ ಅಂದ್ಕೊಂಡಿದ್ದ. ಸ್ಪೀಕರ್ ಒಂದೇ ಹನ್ನೆರಡು ಇಂಚಿಂದು, ಗ್ರೀನ್‌ಬ್ಯಾಕ್, 25 ವ್ಯಾಟ್, 8 ಓಮ್. ವಾಕ್ಸ್ ಸೌಂಡಿಗೆ ಸೆಲೆಷನ್ ಬ್ಲೂ ಹಾಕ್ಬೇಕು ಅಂತಾರೆ, ನಿಜ, ಸೊಗಸಾದ ಸ್ಪೀಕರ್. ಆದ್ರೆ ಅದು 15 ವ್ಯಾಟಿಂದು, ಹದಿನೈದು ವ್ಯಾಟಿನ ಟ್ಯೂಬ್ ಆಂಪನ್ನ ಪೂರ್ತಿ ತಿರುಗಿಸಿದ್ರೆ ಅದು ಹದಿನೈದಕ್ಕಿಂತ ಜಾಸ್ತಿನೇ ತಳ್ಳುತ್ತೆ, ಕಾಯಿಲ್ ಸುಟ್ರೆ ಅಷ್ಟು ದುಡ್ಡು ಹೋಯ್ತು. ಜೊತೆಗೆ ಬ್ಲೂ 100 ಡೆಸಿಬಲ್ ಸ್ಪೀಕರ್, ಗ್ರೀನ್‌ಬ್ಯಾಕ್ 98, ಅಪಾರ್ಟ್‌ಮೆಂಟಲ್ಲಿ ಆ ಎರಡು ಡೆಸಿಬಲ್ ಕಮ್ಮಿಯಾಗೋದೇ ಲಾಭ. ಆಂಪ್ ಹಿಂದಿನ ಇಂಪೀಡೆನ್ಸ್ ಸ್ವಿಚ್ಚು ಮತ್ತು ಸ್ಪೀಕರ್ ಓಮ್ ಒಂದೇ ಇರ್ಬೇಕು, ಸ್ಪೀಕರ್ ಕೇಬಲ್ ಹಾಕದೇ ಟ್ಯೂಬ್ ಆಂಪ್ ಆನ್ ಮಾಡಿ ನುಡಿಸ್ಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತೆ, ಆಂಪಲ್ಲಿ ಅದಕ್ಕಿಂತ ದುಬಾರಿ ರಿಪೇರಿ ಇಲ್ಲ. ಮನೇಲಿ ನುಡಿಸೋವಾಗ ಹೆಡ್ಡಿಗೂ ಸ್ಪೀಕರಿಗೂ ಮಧ್ಯ ರಿಯಾಕ್ಟಿವ್ ಅಟೆನ್ಯುಯೇಟರ್ (ಸ್ಪೀಕರಿಗೆ ಹೋಗೋ ಪವರ್ ಕಮ್ಮಿ ಮಾಡೋ ಡಬ್ಬಿ) ಇಟ್ಟಿದೀನಿ. ಸ್ವಲ್ಪ ಇಳಿಸೋ ತನಕ ಸೌಂಡ್ ಹಾಗೇ ಇರುತ್ತೆ, ಟಿವಿ ವಾಲ್ಯೂಮಿಗೆ ಇಳಿಸಿದ್ರೆ ಯಾವ ಅಟೆನ್ಯುಯೇಟರೂ ಆ ಫೀಲ್ ಉಳಿಸಲ್ಲ, ಯಾರು ಏನೇ ಹೇಳಲಿ.

ನಮ್ಮ ಏರಿಯಾದಲ್ಲಿ ಬೇಸಿಗೆ ಸಂಜೆ ವೋಲ್ಟೇಜ್ 210ಕ್ಕೆ ಇಳಿಯುತ್ತೆ. ಆಂಪ್‌ನ ಟ್ರಾನ್ಸ್‌ಫಾರ್ಮರನ್ನ 240 ವೋಲ್ಟಿಗೆ ಅಂತ ಜೋಡಿಸಿದ್ರೆ ಆಗ 6.3 ವೋಲ್ಟ್ ಸಿಗ್ಬೇಕಾದ ಹೀಟರ್‌ಗೆ ಸಿಗೋದು ಬರೀ ಐದೂವರೆ, ಸೌಂಡ್ ಮಂಕಾಗುತ್ತೆ, ಟ್ಯೂಬಿಗೂ ಒಳ್ಳೇದಲ್ಲ. ಅದಕ್ಕೆ ಸರ್ವೋ ಸ್ಟೆಬಿಲೈಝರ್ ಹಾಕ್ಸಿದೆ. ಅರ್ಥಿಂಗ್ ಎಲೆಕ್ಟ್ರಿಷಿಯನ್ ಕೈಲಿ ಚೆಕ್ ಮಾಡ್ಸಿ, ಅದು ಸೌಂಡಿಗೆ ಅಲ್ಲ, ಜೀವಕ್ಕೆ. ಪಬ್‌ಗಳಲ್ಲಂತೂ ನಾನು ಸಾಕೆಟ್ ಟೆಸ್ಟರ್ ಚುಚ್ಚದೇ ಆಂಪ್ ಹಾಕೋದೇ ಇಲ್ಲ, ಒಂದು ಕೈ ಗಿಟಾರ್ ತಂತಿ ಮೇಲೆ, ತುಟಿ ಮೈಕ್ ಮೇಲೆ ಇರೋ ಕೆಲಸ ಇದು.

ಟ್ಯೂಬ್ ಸಪ್ಲೈ ಈಗ ಮುಖ್ಯವಾಗಿ ಮೂರೇ ಕಡೆಯಿಂದ: ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾಟೋವ್, ಚೀನಾ. 2022ರಲ್ಲಿ ರಷ್ಯಾದಿಂದ ಬರೋದು ಕೆಲವು ದಿನ ನಿಂತಾಗ ರೇಟ್ ಹೇಗೆ ಏರಿತು ಅಂತ ನೋಡಿದವರಿಗೆ ಗೊತ್ತು. ಹಾಗಾಗಿ ಎಲ್ಲೂ ಸಿಗದ ಟ್ಯೂಬ್ ಹಾಕಿರೋ ಆಂಪ್ ತಗೊಳ್ಳೋ ಮುಂಚೆ ಎರಡು ಸಲ ಯೋಚ್ನೆ ಮಾಡಿ, ಇಎಲ್84, 6ವಿ6, 6ಎಲ್6, ಇಎಲ್34, 12ಎಎಕ್ಸ್7 ಇವು ಇನ್ನೂ ಆರಾಮಾಗಿ ಸಿಗ್ತವೆ. ಮಜಾ ಏನಂದ್ರೆ ಇಎಲ್84 ನಮ್ಮೂರಲ್ಲೇ ಆಗ್ತಿತ್ತು, ಜಾಲಹಳ್ಳಿ ಬಿಇಎಲ್‌ನಲ್ಲಿ. 1961ರಿಂದ ಅಲ್ಲಿ ರಿಸೀವಿಂಗ್ ವಾಲ್ವ್ (ರೇಡಿಯೋಗೆ ಹಾಕೋ ಟ್ಯೂಬ್) ಮಾಡೋಕೆ ಶುರು ಮಾಡಿದ್ರು, ನಮ್ಮ ತಾತಂದಿರ ಕಾಲದ ರೇಡಿಯೋಗಳಲ್ಲಿ, ರೇಡಿಯೋಗ್ರಾಮ್‌ಗಳಲ್ಲಿ ಸ್ಪೀಕರ್ ಓಡಿಸ್ತಿದ್ದದ್ದು ಎಷ್ಟೋ ಕಡೆ ಇದೇ ಟ್ಯೂಬು. ಹಳೇ ರೇಡಿಯೋ ರಿಪೇರಿ ಮಾಡೋ ಹಿರಿಯರೊಬ್ಬರ ಹತ್ರ ರಟ್ಟಿನ ಡಬ್ಬಿ ಸಮೇತ ಕೆಲವು ಉಳಿದಿದ್ವು, ಅವರ ವಾಲ್ವ್ ಟೆಸ್ಟರಲ್ಲಿ ಒಂದೊಂದಾಗಿ ಹಾಕಿ ರೀಡಿಂಗ್ ಹತ್ರ ಇರೋ ಒಂದು ಜೋಡಿ ಆರಿಸಿ ಕೊಟ್ರು. ಗಿಟಾರ್ ಆಂಪಲ್ಲಿ ಇಎಲ್84ನ ರೇಡಿಯೋಗಿಂತ ಬಿರುಸಾಗಿ ದುಡಿಸ್ತಾರೆ, ಡೇಟಾಶೀಟಲ್ಲಿ ಪ್ಲೇಟಿಗೆ 300 ವೋಲ್ಟ್ ಮಿತಿ ಅಂತ ಇದ್ರೂ ಎಷ್ಟೋ ಆಂಪ್‌ಗಳು ಅದನ್ನ ದಾಟ್ತವೆ, ಹಾಗಾಗಿ ದಿನಾ ಓಡಿಸೋಕೆ ಸ್ಲೊವಾಕಿಯಾದ್ದು ಹಾಕಿದೀನಿ, ಜಾಲಹಳ್ಳಿ ಜೋಡಿಯನ್ನ ರೆಕಾರ್ಡಿಂಗ್ ಇದ್ದಾಗ ಮಾತ್ರ ಹಾಕ್ತೀನಿ.